ನೋಡುವ ಕಣ್ಣು, ಕಾಯುವ ಜೋಡಿ

ಚಳಿಗಾಲದ ನಸುಕಿನಲ್ಲಿ ನಮ್ಮ ಚಿಕ್ಕೋಡಿಯ ರಸ್ತೆಗಳಿಗೆ ಅವುಗಳದೇ ಆದ ಒಂದು ವಾಸನೆ ಇರುತ್ತದೆ. ಕಬ್ಬು ನುರಿಸುವ ಹಂಗಾಮು ಸುರುವಾದರೆ ಸಾಕು, ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಕಾಕಂಬಿಯ ಸಿಹಿ ಹುಳಿ ಕಂಪು ತೆಳ್ಳಗೆ ಬೆರೆತಿರುತ್ತದೆ. ರಾತ್ರಿಯಿಡೀ ಓಡಿದ ಟ್ರ್ಯಾಕ್ಟರುಗಳಿಂದ ಉದುರಿದ ರವದಿ ರಸ್ತೆಯ ಅಂಚಿನಲ್ಲಿ ಬಿದ್ದಿರುತ್ತದೆ. ಆ ಹೊತ್ತಿಗೆ ನಡೆಯುವವರು ಹೊರಬೀಳುತ್ತಾರೆ. ಕಾನಟೊಪಗಿ ಹಾಕಿದ ನಿವೃತ್ತ ಗುಮಾಸ್ತರು, ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಕ್ಯಾನ್ವಾಸ್ ಬೂಟು ಹಾಕಿದ ಅಕ್ಕಂದಿರು, ಪೊಲೀಸ್ ಭರ್ತಿಗೆಂದು ಓಡುವ ಹುಡುಗರು. ನಿಪ್ಪಾಣಿಯಲ್ಲಿ, ಅಥಣಿಯಲ್ಲಿ, ರಾಯಬಾಗದಲ್ಲಿ, ಕಾಗವಾಡದಲ್ಲಿ, ಎಲ್ಲಿ ಹೋದರೂ ಈ ಹೊತ್ತಿನ ಊರು ಹೀಗೇ ಕಾಣುತ್ತದೆ.

ಇತ್ತೀಚೆಗೆ ಈ ನಡೆಯುವವರ ನಡುವೆ ಒಂದು ಪ್ರಶ್ನೆ ಓಡಾಡುತ್ತಿದೆ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ, ದವಾಖಾನೆಯ ಬೆಂಚಿನ ಮೇಲೆ ಅದನ್ನು ಕೇಳಿದ್ದೇನೆ. ಬರೀ ನಡೆದರೆ ಸಾಲದು, ಸ್ನಾಯುಗಳಿಗೂ ಕೆಲಸ ಕೊಡಿ ಎಂದು ಡಾಕ್ಟರು ಹೇಳಿರುತ್ತಾರೆ. ಹಾಗಾದರೆ ಜಿಮ್ಮಿಗೆ ಹೋಗಿ, ದುಡ್ಡು ಕೊಟ್ಟು, ನಮಗೆಂದೇ ಒಬ್ಬ ಟ್ರೇನರ್ ಹಚ್ಚಬೇಕೋ? ಇಲ್ಲ ಮನೆಯ ಮಾಳಿಗೆಯ ಮೇಲೆ ನಮ್ಮಷ್ಟಕ್ಕೆ ನಾವೇ ಮಾಡಿಕೊಂಡರೆ ಸಾಕೋ? ಐವತ್ತು ದಾಟಿದ ನನ್ನ ಮುಂದೆಯೂ ಈ ಪ್ರಶ್ನೆ ಬಂದು ನಿಂತಿತು. ಅದನ್ನು ಅವಸರದಲ್ಲಿ ಮುಗಿಸಲು ನನಗೆ ಮನಸ್ಸಾಗಲಿಲ್ಲ. ನಾನು ಪೈಲವಾನರ ಮನೆಯಲ್ಲಿ ಹುಟ್ಟಿದವಳು. ಮೈಯನ್ನು ಪಳಗಿಸುವುದು ಹೇಗೆ, ಯಾರ ಮುಂದೆ, ಯಾರ ಜೊತೆಗೆ ಎಂಬ ಮಾತು ನಮ್ಮ ಮನೆಯಲ್ಲಿ ರೊಟ್ಟಿಯ ಜೊತೆಗೇ ಬಡಿಸುತ್ತಿದ್ದ ಮಾತು.

ಡಾಕ್ಟರು ಹೇಳುವುದರಲ್ಲಿ ಹುರುಳಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಬಿರುಸಾದ ನಡಿಗೆಯಂಥ ಚಟುವಟಿಕೆ ಮಾಡಬೇಕು. ಅದರ ಜೊತೆಗೆ ವಾರದಲ್ಲಿ ಕನಿಷ್ಠ 2 ದಿನ ಮೈಯ ಎಲ್ಲ ದೊಡ್ಡ ಸ್ನಾಯುಗಳಿಗೆ ಬಲ ಬೇಕಾಗುವ ವ್ಯಾಯಾಮವೂ ಬೇಕು. 65 ದಾಟಿದವರು ವಾರಕ್ಕೆ 3 ದಿನವಾದರೂ ಸಮತೋಲ ಮತ್ತು ಬಲದ ಅಭ್ಯಾಸ ಮಾಡಿದರೆ ಬೀಳುವ ಅಪಾಯ ಕಡಿಮೆ. ನಡು ವಯಸ್ಸಿನಿಂದಾಚೆ ಸ್ನಾಯು ತಾನಾಗಿಯೇ ಕರಗುತ್ತ ಹೋಗುತ್ತದೆ. ಅದನ್ನು ತಡೆಯುವ ಹಾದಿ ಭಾರದ ವಿರುದ್ಧ ದುಡಿಯುವುದು. ಇಷ್ಟು ತಿಳಿದ ಮೇಲೆ ಉಳಿಯುವುದು ಕಲಿಯುವ ಬಗೆ.

ನಮ್ಮ ಸೀಮೆಯಲ್ಲಿ ಕಲಿಯುವ ಬಗೆ ಎಂದರೆ ತಾಲೀಮು. ದೂಧಗಂಗೆಯ ದಂಡೆಯ ನಮ್ಮ ತವರೂರಿನಲ್ಲಿ ಹಣಮಪ್ಪನ ಗುಡಿಗೆ ಹತ್ತಿಕೊಂಡೇ ತಾಲೀಮಿನ ಮನಿ ಇತ್ತು. ತಗ್ಗು ಬಾಗಿಲು, ಎತ್ತರದಲ್ಲಿ ಸಣ್ಣ ಕಿಟಕಿ, ಒಳಗೆ ಸದಾ ತಂಪು. ಹೆಣ್ಣುಮಕ್ಕಳು ಒಳಗೆ ಹೋಗುವಂತಿರಲಿಲ್ಲ. ಅಪ್ಪನಿಗೆ ಹಾಲಿನ ತಂಬಿಗೆ ಒಯ್ಯುವ ನೆವದಲ್ಲಿ ನಾನು ಹೊಸ್ತಿಲ ಆಚೆ ನಿಂತು ಕಂಡದ್ದೇ ನನ್ನ ಪಾಲಿನ ತಾಲೀಮು. ಆ ಹೊಸ್ತಿಲಿಗೆ ಬರುತ್ತಿದ್ದ ವಾಸನೆ ಮಾತ್ರ ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ. ಜರಡಿ ಹಿಡಿದ ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಲಿಂಬೆರಸ, ಅರಿಶಿನ, ಕರ್ಪೂರ ಹಾಕಿ ಹದ ಮಾಡಿರುತ್ತಿದ್ದರು. ದಿನಾ ನಸುಕಿನಲ್ಲಿ ಸಲಿಕೆಯಿಂದ ಅಗೆದು, ತಿರುವಿ, ಕಾಲಿನಿಂದ ಸಮ ಮಾಡಿದ ಮೇಲೆ ಆ ಮಣ್ಣು ಹಸೀ ಅರಿಶಿನದ ಕೊಂಬು ಮುರಿದಾಗಿನ ಘಮ ಬಿಡುತ್ತಿತ್ತು. ಅದಕ್ಕೆ ಬೆವರು ಸೇರಿ, ಗೋಡೆಯ ಮಾರುತಿಯ ಪಟದ ಊದಿನಕಡ್ಡಿ ಸೇರಿ, ನೆನೆ ಹಾಕಿದ ಬಾದಾಮಿ ಅರೆಯುವ ಕಲ್ಲಿನ ಸಪ್ಪಳ ಸೇರಿ, ತಾಲೀಮಿನ ಬೆಳಗು ಆಗುತ್ತಿತ್ತು.

ಒಳಗೆ ಕಾಲಿಡುವ ಹುಡುಗ ಮೊದಲು ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಿದ್ದ. ಆಮೇಲೆ ದಂಡ, ಬೈಠಕ. ಆಮೇಲೆ ಮರದ ಗದೆಯಂಥ ಕರೇಲಾ ತಿರುವುವುದು, ಹಗ್ಗ ಹತ್ತುವುದು. ಕುಸ್ತಿಯ ಡಾವು-ಪೇಚು ಕಲಿಯುವ ಸರದಿ ಎಷ್ಟೋ ದಿನಗಳ ಮೇಲೆ ಬರುತ್ತಿತ್ತು. ಗುಡಿಯ ಮುಂದೆ ಸಾಲಾಗಿ ಬಿದ್ದ ಗುಂಡುಗಲ್ಲುಗಳು ಬೇರೆ. ಸಣ್ಣದು, ನಡುವಿನದು, ದೊಡ್ಡದು, ಹಬ್ಬದಲ್ಲಿ ಮಾತ್ರ ಯಾರಾದರೂ ಮುಟ್ಟುವ ಸಂಗ್ರಾಣಿ ಕಲ್ಲು. ಸಣ್ಣದನ್ನು ಎದೆಗೆ ತಂದು ಹೆಗಲ ಮೇಲಿಂದ ಹಿಂದಕ್ಕೆ ಚೆಲ್ಲಿದವನಿಗೆ ಮಾತ್ರ ಮುಂದಿನ ಕಲ್ಲು. ಭಾರ ಮೆಲ್ಲಗೆ ಏರಿಸಿದರೆ ಮೈ ಅದಕ್ಕೆ ಒಗ್ಗುತ್ತ ಬಲಗೊಳ್ಳುತ್ತದೆ ಎಂಬ ನಿಯಮವನ್ನು ಇಂದಿನ ಜಿಮ್ಮುಗಳು ಕಬ್ಬಿಣದ ತಟ್ಟೆಗಳಲ್ಲಿ ಕಿಲೋ ಲೆಕ್ಕದಲ್ಲಿ ಬರೆದಿಟ್ಟಿವೆ. ನಮ್ಮ ಹಣಮಪ್ಪನ ಕಟ್ಟೆಯ ಮುಂದೆ ಅದು ಕಲ್ಲಿನ ಸಾಲಾಗಿ ಬಿದ್ದಿತ್ತು.

ಈ ಎಲ್ಲದರ ನಡುವೆ ಒಂದು ಮೂಲೆಯಲ್ಲಿ ಚಾಪೆ ಹಾಸಿಕೊಂಡು ವಸ್ತಾದರು ಕೂತಿರುತ್ತಿದ್ದರು. ಅವರು ಬಹಳ ಮಾತಾಡುತ್ತಿರಲಿಲ್ಲ. ಹೊಸಬ ಬೈಠಕ ಹೊಡೆಯುವಾಗ ಅವನ ಹಿಮ್ಮಡಿ ನೆಲ ಬಿಟ್ಟಿತೋ, ಬೆನ್ನು ಬಾಗಿತೋ, ಉಸಿರು ಹಿಡಿದನೋ, ಅಷ್ಟು ನೋಡುತ್ತಿದ್ದರು. ಒಂದೇ ಮಾತು: “ಏ ತಮ್ಮಾ, ಸಾವಕಾಶ.” ಅಷ್ಟಕ್ಕೇ ಇಡೀ ತಾಲೀಮಿನ ವೇಗ ಇಳಿಯುತ್ತಿತ್ತು. ನಮ್ಮ ಊರಿನ ವಸ್ತಾದರಿಗೆ ಸಂಬಳ ಇರಲಿಲ್ಲ. ಸುಗ್ಗಿಯಲ್ಲಿ ಒಂದಿಷ್ಟು ಜೋಳ, ಯಾರದೋ ಮನೆಯಿಂದ ಹಾಲು, ಜಾತ್ರೆಯಲ್ಲಿ ರುಮಾಲು. ಕಲಿಸುವುದು ಅವರ ಮರ್ಯಾದೆಯ ಕೆಲಸ, ಅವರ ಹೊಟ್ಟೆ ನೋಡಿಕೊಳ್ಳುವುದು ಊರಿನ ಮರ್ಯಾದೆಯ ಕೆಲಸ. ಬಾಡಿಗೆಗೆ ಒಬ್ಬ ಶಿಕ್ಷಕನನ್ನು ಹಚ್ಚಬೇಕೋ ಬೇಡವೋ ಎಂದು ಅಪ್ಪ ಎಂದೂ ಯೋಚಿಸಬೇಕಾಗಿ ಬರಲಿಲ್ಲ. ಕಲಿಸುವ ಹೊಣೆ ಊರು ಹೊತ್ತಿತ್ತು.

ಈ ಭಾಗದ ಹುಡುಗರಿಗೆ ಊರ ತಾಲೀಮು ಮೊದಲ ಶಾಲೆ, ಕೊಲ್ಲಾಪುರ ದೊಡ್ಡ ಶಾಲೆ. ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಸುಮಾರು 40 ಕಿ.ಮೀ. ಗಡಿರೇಖೆ ನಡುವೆ ಹಾದುಹೋಗಿದ್ದರೂ ಕುಸ್ತಿಗೆ ಅದು ಅಡ್ಡ ಬಂದದ್ದಿಲ್ಲ. 1894ರಿಂದ 1922ರವರೆಗೆ ಕೊಲ್ಲಾಪುರವನ್ನು ಆಳಿದ ಶಾಹೂ ಮಹಾರಾಜರು ಪೈಲವಾನರಿಗೆ ಆಶ್ರಯ ಕೊಟ್ಟರು, ತಾಲೀಮುಗಳನ್ನು ಬೆಳೆಸಿದರು, 1912ರಲ್ಲಿ ಖಾಸಬಾಗ ಮೈದಾನ ಕಟ್ಟಿಸಿದರು. ನಡುವೆ ಮಣ್ಣಿನ ಕಣ, ಸುತ್ತ ಬಟ್ಟಲಿನಂತೆ ಏರುವ ಕೂಡುವ ಕಟ್ಟೆ. ಯಾವ ಮೂಲೆಯಲ್ಲಿ ಕೂತರೂ ಕುಸ್ತಿ ಕಾಣಬೇಕೆಂಬುದು ಅದರ ಕಟ್ಟೋಣದ ಗುಟ್ಟು. ನಮ್ಮೂರ ಹಿರಿಯರು ಕಾಶಿ, ಪಂಢರಪುರದ ಜೊತೆಗೆ ಖಾಸಬಾಗವನ್ನೂ ನೋಡಿ ಬಂದದ್ದನ್ನು ಹೇಳಿಕೊಳ್ಳುತ್ತಿದ್ದರು.

ಆ ದಾರಿಯಲ್ಲಿ ಹೋಗಿ ದೇಶಕ್ಕೆ ಗೊತ್ತಾದವರು ನಮ್ಮ ಚಿಕ್ಕೋಡಿ ತಾಲೂಕಿನ ಯಕ್ಸಂಬಾದ ಶ್ರೀಪತಿ ಖಂಚನಾಳೆ. 1934ರಲ್ಲಿ ಹುಟ್ಟಿದ ಅವರು ಕೊಲ್ಲಾಪುರದ ಶಾಹೂಪುರಿ ತಾಲೀಮಿನಲ್ಲಿ ಸಾಮು ಮಾಡಿ ಬೆಳೆದರು. 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾ ಸಿಂಗರನ್ನು ಚಿತ್ ಮಾಡಿ ಮೊಟ್ಟಮೊದಲ ಹಿಂದ್ ಕೇಸರಿಯಾದರು. 2020ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ಎರಡೂ ರಾಜ್ಯಗಳ ಪೈಲವಾನರು ತಮ್ಮವರನ್ನು ಕಳೆದುಕೊಂಡರು. ಅಪ್ಪ ಅವರ ಹೆಸರು ಹೇಳುವಾಗ ದನಿ ತಗ್ಗಿಸಿ, ನೆಟ್ಟಗೆ ಕೂತು ಹೇಳುತ್ತಿದ್ದ. ದೂಧಗಂಗೆಯ ನೀರು ಕುಡಿದ ಹುಡುಗ ದಿಲ್ಲಿಯ ಕಣದಲ್ಲಿ ಗೆದ್ದ ಎಂಬ ಹೆಮ್ಮೆ ಅದರಲ್ಲಿತ್ತು. ಅಂಥ ಮೈ ಒಬ್ಬಂಟಿಯಾಗಿ ಆಗುವಂಥದ್ದಲ್ಲ ಎಂಬ ಪಾಠವನ್ನೂ ಅಪ್ಪ ಅದರೊಳಗೇ ಸೇರಿಸುತ್ತಿದ್ದ.

ಗೆಲ್ಲುವವನ ಹಿಂದೆ ನೋಡುವ ಕಣ್ಣು ಎಷ್ಟು ಮುಖ್ಯ ಎಂಬುದಕ್ಕೆ ಇನ್ನೊಂದು ಕತೆ ಕರಾಡದ ಕಡೆಯದು. ಗೋಳೇಶ್ವರದ ಖಾಶಾಬಾ ಜಾಧವ ಮಣ್ಣಿನಲ್ಲಿ ಕುಸ್ತಿ ಕಲಿತವರು. 1948ರ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಅವರಿಗೆ ಮ್ಯಾಟ್ ಹೊಸದು, ಅಂತಾರಾಷ್ಟ್ರೀಯ ನಿಯಮಗಳೂ ಹೊಸವು. ಅಲ್ಲಿ ಅಮೆರಿಕದ ರೀಸ್ ಗಾರ್ಡ್ನರ್ ಎಂಬ ಮಾಜಿ ಕುಸ್ತಿಪಟು ಅವರನ್ನು ತಿದ್ದಿದರು. ಜಾಧವ 6ನೆಯ ಸ್ಥಾನ ಪಡೆದರು. ನಾಲ್ಕು ವರ್ಷಗಳ ಮೇಲೆ, 1952ರ ಹೆಲ್ಸಿಂಕಿಗೆ ಹೋಗಲು ಹಣವಿಲ್ಲದಾಗ ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೇಕರ ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಕೊಟ್ಟರು. ಜಾಧವ ಕಂಚಿನ ಪದಕದೊಂದಿಗೆ ಮರಳಿದರು. ಅದು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ವೈಯಕ್ತಿಕ ಎನ್ನುವ ಆ ಪದಕದಲ್ಲಿ ಎಷ್ಟು ಜನರ ಪಾಲಿದೆ ಎಂದು ಎಣಿಸುತ್ತ ಹೋದರೆ ಮನಸ್ಸು ತುಂಬಿ ಬರುತ್ತದೆ.

ಹಾಗೆಂದು ಒಬ್ಬರೇ ಮಾಡುವ ಅಭ್ಯಾಸವನ್ನು ನಾನು ಕಡಿಮೆಯೆಂದು ತಿಳಿಯುವುದಿಲ್ಲ. ಅದಕ್ಕೂ ನಮ್ಮ ಸುತ್ತಲೇ ದೊಡ್ಡ ಪರಂಪರೆಯಿದೆ. ಸಾತಾರೆಯ ಕಡೆ ಔಂಧ್ ಎಂಬ ಸಣ್ಣ ಸಂಸ್ಥಾನವಿತ್ತು. ಅದರ ರಾಜ ಭವಾನರಾವ್ ಪಂತ ಪ್ರತಿನಿಧಿ ಯೌವನದಲ್ಲಿ ಯುರೋಪಿನ ಯೂಜೀನ್ ಸ್ಯಾಂಡೋನ ಪದ್ಧತಿಯಲ್ಲಿ ವರ್ಷಗಟ್ಟಲೆ ವ್ಯಾಯಾಮ ಮಾಡಿದವರು. ಆಮೇಲೆ ಅದನ್ನು ಬಿಟ್ಟು ಸೂರ್ಯನಮಸ್ಕಾರಕ್ಕೆ ಬಂದರು. ತಾವು ಮಾಡಿದರು, ಮನೆಯವರಿಂದ ಮಾಡಿಸಿದರು, ಸಂಸ್ಥಾನದ ಶಾಲೆಗಳಲ್ಲಿ ತಂದರು, ಪುಸ್ತಕ ಬರೆದರು. ಅವರ ವಾದ ಸರಳ: ಇದಕ್ಕೆ ಸಲಕರಣೆ ಬೇಡ, ಖರ್ಚಿಲ್ಲ, ಇನ್ನೊಬ್ಬರು ಬೇಕಿಲ್ಲ. ಮೈ ಚಾಚುವಷ್ಟು ಜಾಗವಿದ್ದರೆ ಬಡವನೂ ರಾಜನೂ ಒಂದೇ. ಇಂದು ನಮ್ಮ ಊರುಗಳ ಮಾಳಿಗೆಯ ಮೇಲೆ ಮೂಡಣಕ್ಕೆ ಮುಖ ಮಾಡಿ ನಮಸ್ಕಾರ ಹಾಕುವವರಲ್ಲಿ ಔಂಧದ ರಾಜನ ಹೆಸರು ಕೇಳಿದವರು ಕಡಿಮೆ. ಅವರ ಪಾಲಿನ ಉಪಕಾರ ಮಾತ್ರ ನಮ್ಮ ಬೆನ್ನಲ್ಲಿ, ಹೆಗಲಲ್ಲಿ ಉಳಿದಿದೆ.

ಬೆಂಗಳೂರಿನ ಕೆ. ವಿ. ಅಯ್ಯರ್ ಈ ಎರಡರ ನಡುವೆ ಒಂದು ದಾರಿ ಹುಡುಕಿದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ನಮಗೆ ಪರಿಚಿತರಾದ ಈ ಲೇಖಕ ಬದುಕಿನುದ್ದಕ್ಕೂ ವ್ಯಾಯಾಮ ಗುರು. ವ್ಯಾಯಾಮಶಾಲೆ ನಡೆಸಿ ನೂರಾರು ಮೈಗಳನ್ನು ತಿದ್ದಿದ್ದಲ್ಲದೆ, ಅಲ್ಲಿಗೆ ಬರಲಾಗದವರಿಗೆ ಅಂಚೆಯ ಮೂಲಕ ಪಾಠ ಕಳಿಸುತ್ತಿದ್ದರು. ಎಲ್ಲೋ ದೂರದ ಊರಿನಲ್ಲಿ ಒಬ್ಬ ಯುವಕ ಬಾಗಿಲು ಹಾಕಿಕೊಂಡು, ಕಾಗದದ ಪಾಠ ಮುಂದಿಟ್ಟುಕೊಂಡು ಒಬ್ಬನೇ ದಂಡ ಹೊಡೆಯುತ್ತಿದ್ದಾನೆ, ಆದರೆ ಅವನಿಗೊಬ್ಬ ಗುರು ಇದ್ದಾನೆ. ಮೊಬೈಲಿನಲ್ಲಿ ಟ್ರೇನರನ ವಿಡಿಯೋ ನೋಡಿ ಮಾಡುವ ಇಂದಿನ ಹುಡುಗಿಯರನ್ನು ಕಂಡಾಗ ನನಗೆ ಅಯ್ಯರರ ಆ ಲಕೋಟೆಗಳು ನೆನಪಾಗುತ್ತವೆ.

ಒಬ್ಬಂಟಿ ಅಭ್ಯಾಸದ ಮಾತು ಬಂದರೆ ಬೆಳಗಾವಿ ಸೀಮೆಗೂ ಅದರಲ್ಲಿ ಪಾಲಿದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ ಹುಡುಗನಾಗಿದ್ದಾಗ, 1936ರಲ್ಲಿ, ಗುರು ಕೃಷ್ಣಮಾಚಾರ್ಯರ ಜೊತೆ ಉತ್ತರ ಕರ್ನಾಟಕದ ಊರುಗಳಲ್ಲಿ ಯೋಗದ ಪ್ರದರ್ಶನ ಕೊಡುತ್ತ ಬಂದರು. ಆಗ ಬೆಳಗಾವಿಯಲ್ಲಿ ಅವರನ್ನು ಕಂಡ ಡಾ. ವಿ. ಬಿ. ಗೋಖಲೆ ಎಂಬ ಸರ್ಜನ್ ಮುಂದೆ ಪುಣೆಯಲ್ಲಿ ನೆಲೆಸಿದಾಗ ಯೋಗ ಕಲಿಸಲು ಒಬ್ಬರು ಬೇಕೆಂದರು. 1937ರಲ್ಲಿ ಪುಣೆಗೆ ಹೋದ ಆ ಯುವಕನಿಗೆ ಮರಾಠಿ ಬಾರದು, ಗುರು ಮೈಸೂರಿನಲ್ಲಿ. ಗುರುವಿಲ್ಲದ ಕೋಣೆಯಲ್ಲಿ ಗಂಟೆಗಟ್ಟಲೆ ತನ್ನ ಮೈಯನ್ನೇ ಪುಸ್ತಕ ಮಾಡಿ ಓದಿದ ಅವರು 1966ರಲ್ಲಿ ‘ಲೈಟ್ ಆನ್ ಯೋಗ’ ಬರೆದರು. ಸುಮಾರು 600 ಚಿತ್ರಗಳು, 300 ವಾರಗಳ ಪಾಠಕ್ರಮ. ಹತ್ತಿರದಲ್ಲಿ ಶಿಕ್ಷಕರಿಲ್ಲದ ಎಷ್ಟೋ ಊರುಗಳಲ್ಲಿ ಜನ ಅದನ್ನು ಮುಂದಿಟ್ಟುಕೊಂಡು ಕಲಿತರು. ಆದರೆ ಅವರ ತರಗತಿಗೆ ಹೋದವರು ಮೊದಲು ಹೇಳುವುದು ಅವರ ಕಣ್ಣಿನ ಬಗ್ಗೆ. ಕೋಣೆಯ ತುಂಬ ಜನ ನಿಂತಿದ್ದರೂ ಯಾರದೋ ಪಾದದ ಹೊರ ಅಂಚು ಎದ್ದದ್ದು ಅವರಿಗೆ ಕಾಣುತ್ತಿತ್ತಂತೆ. ಒಂಟಿಯಾಗಿ ಕಲಿತವರೇ ನೋಡುವ ಕಣ್ಣಿನ ಬೆಲೆಯನ್ನು ಎಲ್ಲರಿಗಿಂತ ಹೆಚ್ಚು ಅರಿತಿದ್ದರು.

ಇವರೆಲ್ಲರನ್ನು ನೆನೆದು ಯೋಚಿಸುತ್ತ ನನಗೆ ಒಂದು ವಿಷಯ ತಿಳಿಯಾಯಿತು. ಟ್ರೇನರ್ ಬೇಕೋ ಬೇಡವೋ ಎಂದು ಸಾರಾಸಗಟಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ವ್ಯಾಯಾಮ ಎಂದು ಕೇಳಬೇಕು. ನಡಿಗೆಯನ್ನು ಯಾರೂ ಕಲಿಸಬೇಕಿಲ್ಲ. ಸೂರ್ಯನಮಸ್ಕಾರವನ್ನು ಒಮ್ಮೆ ಸರಿಯಾಗಿ ಕಲಿತರೆ ಆಮೇಲೆ ಬಾಳಿಡೀ ಒಬ್ಬರೇ ಮಾಡಬಹುದು. ಹೆಗಲ ಮೇಲೆ ಭಾರದ ಕಂಬಿ ಹೊತ್ತು ಕೂತು ಏಳುವುದು, ನೆಲದಿಂದ ವಜ್ಜಾ ಎತ್ತುವುದು ಬೇರೆ ಜಾತಿಯವು. ಅಲ್ಲಿ ಸೊಂಟ ಮೊದಲು ಹಿಂದಕ್ಕೆ ಹೋಗಬೇಕು, ಬೆನ್ನು ನೆಟ್ಟಗಿರಬೇಕು, ಮೊಳಕಾಲು ಪಾದದ ದಿಕ್ಕಿನಲ್ಲೇ ಬಾಗಬೇಕು. ಇದೆಲ್ಲ ಆಗುತ್ತಿದೆಯೋ ಇಲ್ಲವೋ ಎಂಬುದು ಮಾಡುವವರಿಗೆ ಒಳಗಿಂದ ತಿಳಿಯುವುದಿಲ್ಲ. ನಮ್ಮ ಬೆನ್ನು ನಮಗೆ ಕಾಣುವುದಿಲ್ಲ. ಇನ್ನು ಕುಸ್ತಿಯಂತೂ ಒಬ್ಬರಿಂದ ಆಗುವುದೇ ಇಲ್ಲ.

ನಾನು ಹೋಗಿ ನೋಡಿದ ಜಿಮ್ಮು ಒಂದು ಮಾಳಿಗೆಯ ಮೇಲಿದೆ. ಕೆಳಗೆ ಗೊಬ್ಬರದ ಅಂಗಡಿ. ಮಧ್ಯಾಹ್ನದ ಹೊತ್ತನ್ನು ಹೆಣ್ಣುಮಕ್ಕಳಿಗೆಂದೇ ಬಿಟ್ಟಿದ್ದಾರೆ. ಕಲಿಸುವ ಹುಡುಗ ಚಿಕ್ಕಂದಿನಲ್ಲಿ ತನ್ನೂರಿನ ತಾಲೀಮಿನಲ್ಲಿ ಆಡಿದವನು, ಜಾತ್ರೆಗಳಲ್ಲಿ ತೆಂಗಿನಕಾಯಿ ಕುಸ್ತಿಯಿಂದ ಸುರು ಮಾಡಿ ಬೆಳ್ಳಿ ಕಡೆಯವರೆಗೆ ಹೋದವನು. ಅವನ ಕಿವಿ ಮಡಚಿಕೊಂಡಿದೆ, ಪೈಲವಾನರ ಕಿವಿ. ಅದನ್ನು ಕಂಡೇ ನನಗೆ ಅರ್ಧ ವಿಶ್ವಾಸ ಬಂತು. ನಾನು ಸಣ್ಣ ಡಂಬೆಲ್ಲಿಗೆ ಕೈ ಚಾಚಿದರೆ ಅವನು ತಡೆದ.

“ಅಕ್ಕಾರ, ಮೊದ್ಲ ವಜ್ಜಾ ಹಿಡೀಬ್ಯಾಡ್ರಿ. ಈ ಕೋಲ ಬೆನ್ನಿಗೆ ಹಚ್ಚಿ ಹಿಡೀರಿ. ತಲಿ, ಬೆನ್ನ, ಸ್ವಾಂಟ ಮೂರೂ ಕೋಲಿಗೆ ತಾಗಿರಬೇಕ. ಹಂಗ ಬಗ್ರಿ.”

ನಾನು ಬಗ್ಗಿದೆ. ಅವನು ಪಕ್ಕಕ್ಕೆ ಬಂದು ಕೂತು ನೋಡಿದ.

“ಮೊಳಕಾಲ ಒಳಗ ಬರಾಕತ್ತಾವ್ರಿ. ಸಾವಕಾಶ. ಉಸಿರ ಹಿಡೀಬ್ಯಾಡ್ರಿ.”

ಸಾವಕಾಶ ಎಂಬ ಆ ಮಾತು ಕಿವಿಗೆ ಬಿದ್ದಾಗ ನನ್ನ ಮೈಯೆಲ್ಲ ಹಗುರಾಯಿತು. ಚಿಕ್ಕಂದಿನಲ್ಲಿ ಹೊಸ್ತಿಲಾಚೆ ನಿಂತು ಬೇರೆಯವರಿಗೆ ಹೇಳಿದ್ದನ್ನು ಕೇಳಿದ್ದೆ. ಈಗ ಅದನ್ನು ನನಗೇ ಹೇಳುತ್ತಿದ್ದರು. ತಾಲೀಮು ಕಬ್ಬಿಣದ ಸಾಮಾನುಗಳ ನಡುವೆ ವೇಷ ಬದಲಿಸಿ ಕೂತಿದೆ, ನನ್ನನ್ನು ಒಳಗೆ ಕರೆದಿದೆ ಎನಿಸಿತು. ಈ ಹುಡುಗನಿಗೆ ಊರು ಜೋಳ ಅಳೆಯುವುದಿಲ್ಲ, ಆದ್ದರಿಂದ ನಾವು ಫೀ ಕೊಡುತ್ತೇವೆ. ಅವನ ವಿದ್ಯೆಗೆ ಅದು ಸಲ್ಲಬೇಕಾದ ಗೌರವ.

ಕಲಿಸುವ ಕಣ್ಣು ನಿಜವಾಗಿ ಏನು ಮಾಡುತ್ತದೆ ಎಂಬುದನ್ನು ಅಳೆದು ನೋಡಿದವರೂ ಇದ್ದಾರೆ. 2000ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಅದಾಗಲೇ ಸಾಕಷ್ಟು ಅಭ್ಯಾಸವಿದ್ದ 20 ಗಂಡಸರಿಗೆ 12 ವಾರ ಒಂದೇ ಪಾಠಕ್ರಮ ಕೊಟ್ಟರು. ಅರ್ಧ ಜನರ ಪಕ್ಕದಲ್ಲಿ ಶಿಕ್ಷಕ ನಿಂತಿದ್ದ, ಉಳಿದವರು ತಮ್ಮಷ್ಟಕ್ಕೆ ತಾವು ಮಾಡಿದರು. ಕೊನೆಗೆ ಶಿಕ್ಷಕನಿದ್ದವರ ಬಲ ಹೆಚ್ಚು ಬೆಳೆದಿತ್ತು. ಕಾರಣ ಹುಡುಕಿದಾಗ ಕಂಡದ್ದು, ಅವರು ಭಾರವನ್ನು ಬೇಗ ಬೇಗ ಏರಿಸಿದ್ದರು. ಅಂದರೆ ಪಕ್ಕದಲ್ಲಿ ನಿಂತ ಕಣ್ಣು ಸಾವಕಾಶ ಎನ್ನುವುದಷ್ಟೇ ಅಲ್ಲ, ಹೊತ್ತು ಬಂದಾಗ ಈಗ ಮುಂದಿನ ಕಲ್ಲು ಹಿಡಿ ಎಂದೂ ಹೇಳುತ್ತದೆ. ಒಬ್ಬರೇ ಮಾಡುವವರು ಅಂಜಿ ಅಲ್ಲೇ ನಿಲ್ಲುವುದುಂಟು, ಹುಮ್ಮಸ್ಸಿನಲ್ಲಿ ಮುಂದೆ ಹಾರುವುದೂ ಉಂಟು. ಎರಡಕ್ಕೂ ಮದ್ದು ಆ ಕಣ್ಣೇ.

ಇಷ್ಟಾದರೂ ಫೀ ಕೊಟ್ಟು ವರ್ಷಗಟ್ಟಲೆ ಯಾರನ್ನಾದರೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದು ನಮ್ಮಲ್ಲಿ ಹೆಚ್ಚಿನವರಿಗೆ ಆಗುವ ಮಾತಲ್ಲ. ನಿಪ್ಪಾಣಿಯಲ್ಲಿ ದಿನವಿಡೀ ತಲೆ ಬಗ್ಗಿಸಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿದ್ದಾರೆ, ಕಬ್ಬಿನ ಹಂಗಾಮಿನಲ್ಲಿ ತಲೆಯ ಮೇಲೆ ಕಬ್ಬಿನ ಹೊರೆ ಹೊತ್ತು ಟ್ರೇಲರಿನ ಹಲಗೆ ಹತ್ತುವವರಿದ್ದಾರೆ. ಕೆಲಸವೇ ವ್ಯಾಯಾಮ ಅಲ್ಲವೇ ಎಂದು ಅವರನ್ನು ಕುರಿತು ಹೇಳುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ದುಡಿತ ಮೈಯ ಒಂದೇ ಭಾಗವನ್ನು ಸವೆಸುತ್ತದೆ, ವಿಶ್ರಾಂತಿಗೆ ಬಿಡುವು ಕೊಡುವುದಿಲ್ಲ. ಸಾಮು ಮೈಯನ್ನು ಸುತ್ತಲೂ ಕಟ್ಟುತ್ತದೆ, ದಣಿದಷ್ಟೇ ಆರೈಕೆಯನ್ನೂ ಕೇಳುತ್ತದೆ. ಬೀಡಿ ಕಟ್ಟುವ ಅಕ್ಕನ ಕತ್ತಿಗೆ, ಬೆನ್ನಿಗೆ ಬೇಕಾದ ನಾಲ್ಕು ಚಲನೆಗಳನ್ನು ಕಲಿಸುವ ಒಬ್ಬ ವಸ್ತಾದ ಅವಳಿಗೂ ಬೇಕು. ಅವಳಿಗೆ ಫೀ ಕೊಡಲು ಆಗದಿದ್ದರೆ ಅದನ್ನು ಮತ್ತೆ ಊರೇ ಹೊರಬೇಕು.

ತಾಲೀಮಿನಲ್ಲಿ ಇನ್ನೊಂದು ಸಂಗತಿಯಿತ್ತು, ಟ್ರೇನರೋ ಒಂಟಿಯೋ ಎಂಬ ಲೆಕ್ಕದಲ್ಲಿ ನಾವು ಮರೆಯುವಂಥದ್ದು. ಜೋಡಿ. ವಸ್ತಾದರು ಪ್ರತಿ ಹುಡುಗನಿಗೆ ಜೋಡಿ ಕಟ್ಟುತ್ತಿದ್ದರು. ಸರಿಸಮನಾದವನನ್ನು ಕೊಡುತ್ತಿದ್ದದ್ದು ಕಡಿಮೆ, ತುಸು ಮೇಲಿನವನನ್ನು ಕೊಡುತ್ತಿದ್ದರು. ಬಹಳ ಮೇಲಿನವನನ್ನು ಕೊಟ್ಟರೆ ಹುಡುಗ ಎದೆಗುಂದುತ್ತಾನೆ, ಕೆಳಗಿನವನನ್ನು ಕೊಟ್ಟರೆ ಮೈಗಳ್ಳನಾಗುತ್ತಾನೆ ಎಂಬುದು ಅಪ್ಪನ ವಿವರಣೆ. ಬಹಳ ವರ್ಷಗಳ ಮೇಲೆ ನಾನು ಓದಿದೆ: 1920ರ ದಶಕದಲ್ಲಿ ಜರ್ಮನಿಯ ಓಟ್ಟೊ ಕೋಲರ್ ಎಂಬ ಮನಶ್ಶಾಸ್ತ್ರಜ್ಞ ಬರ್ಲಿನ್ನಿನ ದೋಣಿ ಹುಟ್ಟು ಹಾಕುವವರ ಸಂಘದ ಸದಸ್ಯರಿಂದ ಒಬ್ಬೊಬ್ಬರಾಗಿಯೂ ಜೋಡಿಯಾಗಿಯೂ ಭಾರ ಎತ್ತಿಸಿ ನೋಡಿದ. ಜೋಡಿಯಲ್ಲಿದ್ದಾಗ ಬಲ ಕಡಿಮೆಯಿದ್ದವನು ಒಬ್ಬನೇ ಇದ್ದಾಗಿಗಿಂತ ಹೆಚ್ಚು ಹೊತ್ತು ತಾಳಿದ. ಇಬ್ಬರ ನಡುವೆ ಅಂತರ ತೀರ ಕಡಿಮೆಯೂ ಅಲ್ಲದೆ ತೀರ ಹೆಚ್ಚೂ ಅಲ್ಲದೆ ಇದ್ದಾಗ ಈ ಲಾಭ ಎಲ್ಲಕ್ಕಿಂತ ದೊಡ್ಡದು. ಬರ್ಲಿನ್ನಿನ ಪಂಡಿತ ಅಳೆದು ಕಂಡದ್ದನ್ನು ದೂಧಗಂಗೆಯ ದಂಡೆಯ ವಸ್ತಾದರು ಚಾಪೆಯ ಮೇಲೆ ಕೂತೇ ಕಂಡಿದ್ದರು. ಇಬ್ಬರನ್ನೂ ಒಂದೇ ಗೌರವದಿಂದ ನೆನೆಯುತ್ತೇನೆ.

ಹೆಣ್ಣುಮಕ್ಕಳ ಮಟ್ಟಿಗೆ ಜೋಡಿಯ ಅರ್ಥ ಇನ್ನೂ ದೊಡ್ಡದು. ನಸುಕಿನಲ್ಲಿ ಒಬ್ಬಳೇ ನಡೆಯಲು ರಸ್ತೆಯ ದೀಪ ಉರಿಯುತ್ತಿರಬೇಕು, ನಾಯಿಗಳು ಸುಮ್ಮನಿರಬೇಕು, ಬೈಕಿನ ಹುಡುಗರು ಸರಿಯಾಗಿರಬೇಕು. ಇಬ್ಬರಾದರೆ ಅರ್ಧ ಅಂಜಿಕೆ ಮನೆಯಲ್ಲೇ ಉಳಿಯುತ್ತದೆ. ನನ್ನ ಜೋಡಿ ನಮ್ಮ ಓಣಿಯ ಗೆಳತಿ. ನನಗಿಂತ ಚೂರು ಬಿರುಸು. ಮೂಲೆಯ ಬೇವಿನ ಗಿಡದ ಕೆಳಗೆ ಕಾಯುತ್ತಾಳೆ. ಮಳೆ ಬಂದರೂ ಕೊಡೆ ಹಿಡಿದು ನಿಂತಿರುತ್ತಾಳೆ. ಅವಳು ನಿಂತಿದ್ದಾಳೆ ಎಂಬುದು ಗೊತ್ತಿರುವಾಗ ಹಾಸಿಗೆಯಲ್ಲಿ ಮಗ್ಗಲು ಬದಲಿಸುವುದು ಆಗುವುದಿಲ್ಲ. ದಾರಿಯಲ್ಲಿ ಅವಳ ಸೊಸೆಯ ಬಾಣಂತನ, ನನ್ನ ಶಾಲೆಯ ಮಕ್ಕಳು, ಉಳ್ಳಾಗಡ್ಡಿಯ ದರ, ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗುವ ಯೋಜನೆ, ಎಲ್ಲ ಆಗುತ್ತವೆ. ಮಾತಾಡುತ್ತ ನಡೆಯಬಹುದು, ಹಾಡಲು ಮಾತ್ರ ಉಸಿರು ಸಾಲದು, ಅಷ್ಟು ಬಿರುಸು ಇದ್ದರೆ ಸರಿಯಾದ ವೇಗ ಎಂದು ಡಾಕ್ಟರು ಹೇಳುತ್ತಾರೆ. ಜೋಡಿಯಿದ್ದರೆ ಆ ಅಳತೆಗೋಲು ತಾನಾಗಿಯೇ ಜೊತೆಗಿರುತ್ತದೆ.

ಒಬ್ಬಳೇ ಮಾಡುವ ಹೊತ್ತನ್ನೂ ನಾನು ಇಟ್ಟುಕೊಂಡಿದ್ದೇನೆ. ಭಾನುವಾರ ಮಾಳಿಗೆಯ ಮೇಲೆ ನಮಸ್ಕಾರ ಹಾಕುತ್ತೇನೆ. ಆಗ ಯಾರೂ ಎಣಿಸುವುದಿಲ್ಲ, ಯಾರೂ ಕಾಯುವುದಿಲ್ಲ. ನೆಲಕ್ಕೆ ಹಣೆ ಹಚ್ಚಿ ಮೇಲೆದ್ದಾಗ ದೂರದ ಹೊಲಗಳ ಕಬ್ಬಿನ ಹಸಿರು ಕಾಣುತ್ತದೆ, ಎಡ ಮೊಳಕಾಲು ಇವತ್ತು ಹೇಗಿದೆ ಎಂದು ತಿಳಿಯುತ್ತದೆ. ಮೈ ಹೇಳುವ ಮಾತನ್ನು ಮೈಯ ಒಡತಿಯೇ ಕೇಳಬೇಕು. ಟ್ರೇನರ್ ಹೊರಗಿಂದ ನೋಡಬಲ್ಲ, ಜೋಡಿ ಪಕ್ಕದಿಂದ ಎಳೆಯಬಲ್ಲಳು, ನೋವು ಎಲ್ಲಿ ಸುರುವಾಯಿತು ಎಂಬ ಸುದ್ದಿ ಮಾತ್ರ ನನಗೊಬ್ಬಳಿಗೇ ಬರುತ್ತದೆ.

ಹೀಗೆ ಯೋಚಿಸಿ ನಾನು ತೆಗೆದುಕೊಂಡ ತೀರ್ಮಾನ ಇದು. ಭಾರದ ವ್ಯಾಯಾಮಗಳ ಹದ ಮೈಗೆ ಹತ್ತುವವರೆಗೆ ಫೀ ಕೊಟ್ಟು ಆ ಹುಡುಗನ ಕಣ್ಣಿನ ಮುಂದೆ ಕಲಿಯುವುದು. ಆಮೇಲೆ ಗೆಳತಿಯನ್ನೂ ಕರೆದುಕೊಂಡು ವಾರಕ್ಕೆ ಎರಡು ದಿನ ನಾವಿಬ್ಬರೇ ಮಾಡುವುದು. ನಡುನಡುವೆ, ಭಾರ ಏರಿಸುವಾಗ ಅಥವಾ ಎಲ್ಲೋ ಹಿಡಿದಂತಾದಾಗ, ಮತ್ತೆ ಅವನಲ್ಲಿಗೆ ಹೋಗಿ ಒಮ್ಮೆ ತೋರಿಸಿಕೊಂಡು ಬರುವುದು. ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ. ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಅದನ್ನು ಸುರುವಿನಲ್ಲೇ ಕಲಿಯಲು ಖರ್ಚು ಮಾಡಿ. ಟ್ರೇನರ್ ಆರಿಸುವಾಗ ಅವರ ತೋಳಿನ ದಪ್ಪ ನೋಡಬೇಡಿ. ಮೊದಲ ದಿನ ನಿಮ್ಮ ಹಳೆಯ ನೋವು, ರಕ್ತದೊತ್ತಡ, ಸಕ್ಕರೆ ಕೇಳಿದರೋ ಇಲ್ಲವೋ, ಹಗುರಾದದ್ದರಿಂದ ಸುರು ಮಾಡಿಸಿದರೋ ಇಲ್ಲವೋ, ನೀವು ಮಾಡುವಾಗ ಅವರ ಕಣ್ಣು ನಿಮ್ಮ ಮೇಲಿತ್ತೋ ಮೊಬೈಲಿನ ಮೇಲಿತ್ತೋ ಅದನ್ನು ನೋಡಿ. ದುಡ್ಡಿಲ್ಲದಿದ್ದರೆ ಊರಿನ ಹಳೆಯ ಪೈಲವಾನರೊಬ್ಬರ ಹತ್ತಿರ ಹೋಗಿ ಬೈಠಕ ಕಲಿಸಿ ಎಂದು ಕೇಳಿ. ಕಲಿಸಿ ಎಂದವರನ್ನು ವಾಪಸ್ ಕಳಿಸಿದ ಪೈಲವಾನರನ್ನು ನಾನು ಕಂಡಿಲ್ಲ.

ಇನ್ನೊಂದು ಆಸೆಯನ್ನೂ ಹೇಳಿಬಿಡುತ್ತೇನೆ. 2004ರ ಅಥೆನ್ಸಿನಲ್ಲಿ ಹೆಣ್ಣುಮಕ್ಕಳ ಕುಸ್ತಿ ಒಲಿಂಪಿಕ್ಸಿಗೆ ಬಂತು, 2016ರ ರಿಯೋದಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದಳು. ನಮ್ಮ ಐದೂ ತಾಲೂಕುಗಳ ಊರುಗಳಲ್ಲಿ ಹಳೆಯ ತಾಲೀಮಿನ ಮನೆಗಳು ಇನ್ನೂ ನಿಂತಿವೆ. ಕೆಲವು ಬೆಳಗು-ಸಂಜೆ ತುಂಬಿರುತ್ತವೆ, ಕೆಲವಕ್ಕೆ ಬೀಗ ಬಿದ್ದಿದೆ. ಗಂಡುಹುಡುಗರ ಸಾಮು ಬೆಳಿಗ್ಗೆ ಮುಗಿಯುತ್ತದೆ, ನಡುಹಗಲಿಡೀ ಜಾಗ ಖಾಲಿ. ಆ ಹೊತ್ತಿನಲ್ಲಿ ಒಂದು ಗಂಟೆ ಊರಿನ ಹೆಣ್ಣುಮಕ್ಕಳಿಗೆ, ಇನ್ನೊಂದು ಗಂಟೆ ಮುದುಕರಿಗೆ ಅದರ ಬಾಗಿಲು ತೆರೆಯಲಿ. ಕಲಿಸುವ ಹುಡುಗನಿಗೆ ಪಂಚಾಯ್ತಿಯೋ, ಹಾಲಿನ ಡೇರಿಯೋ, ಸೊಸೈಟಿಯೋ ಸಂಬಳ ಕೊಡಲಿ. ಟ್ರೇನರ್ ಹಚ್ಚಬೇಕೋ ಒಬ್ಬರೇ ಮಾಡಬೇಕೋ ಎಂದು ಪ್ರತಿಯೊಬ್ಬರೂ ತಮ್ಮ ಪಗಾರ ನೋಡಿಕೊಂಡು ಕೂಡುವ ಪ್ರಸಂಗವೇ ಆಗ ಬಾರದು. ಮುಂದಿನ ಗ್ರಾಮಸಭೆಯಲ್ಲಿ ಈ ಮಾತನ್ನು ಎತ್ತಬೇಕೆಂದು ನಾನೂ ಗೆಳತಿಯೂ ಗೊತ್ತು ಮಾಡಿದ್ದೇವೆ. ನಿಮ್ಮೂರಿನಲ್ಲಿ ನೀವೂ ಎತ್ತಿ.